ತುಂಬಿದ ಮನೆಗೆ ಎಂಥ ವೈ-ಫೈ? ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ರಾತ್ರಿ ಎಂಟು ಗಂಟೆಯ ಹೊತ್ತು. ಮಹಡಿಯ ಕೋಣೆಯಲ್ಲಿ ಮಗ ವಿದೇಶದ ಗ್ರಾಹಕರೊಂದಿಗೆ ವಿಡಿಯೊ ಸಭೆಯಲ್ಲಿದ್ದಾನೆ. ಪಕ್ಕದ ಕೋಣೆಯಲ್ಲಿ ಮೊಮ್ಮಗಳಿಗೆ ಆನ್‌ಲೈನ್ ಪಾಠ. ನಡುಮನೆಯ ಟಿವಿಯಲ್ಲಿ ಸಿನಿಮಾ, ಅಡುಗೆಮನೆಯ ಮೊಬೈಲಿನಲ್ಲಿ ಹಾಡು, ಅಜ್ಜನ ಕೈಯಲ್ಲಿ ವೈದ್ಯರೊಂದಿಗಿನ ವಿಡಿಯೊ ಕರೆ. ಇದ್ದಕ್ಕಿದ್ದಂತೆ ಸಭೆಯ ಮುಖಗಳು ಕಲ್ಲಾಗಿ ನಿಲ್ಲುತ್ತವೆ, ಪಾಠದ ಧ್ವನಿ ತುಂಡು ತುಂಡಾಗುತ್ತದೆ. ಟಿವಿಯ ತೆರೆಯ ಮೇಲೆ ವೃತ್ತವೊಂದು ಸುತ್ತತೊಡಗುತ್ತದೆ. ‘ನೆಟ್ ಹೋಯಿತು’ ಎಂಬ ಕೂಗು ಎಲ್ಲ ಕೋಣೆಗಳಿಂದಲೂ ಏಕಕಾಲಕ್ಕೆ ಏಳುತ್ತದೆ.

ಮರುದಿನ ಇಂಥ ಬಹುತೇಕ ಮನೆಗಳಲ್ಲಿ ನಡೆಯುವುದು ಎರಡೇ ಕೆಲಸ. ಒಂದೋ ಅಂತರ್ಜಾಲ ಸೇವಾ ಸಂಸ್ಥೆಗೆ ಕರೆ ಮಾಡಿ ಹೆಚ್ಚಿನ ವೇಗದ ಯೋಜನೆಗೆ ಬದಲಾಯಿಸಿಕೊಳ್ಳುವುದು, ಇಲ್ಲವೇ ಅಂಗಡಿಗೆ ಹೋಗಿ ಎಂಟು ಆಂಟೆನಾಗಳ ದುಬಾರಿ ರೂಟರ್ ತರುವುದು. ಎರಡರಿಂದಲೂ ತೊಂದರೆ ನೀಗದಿರುವ ಸಾಧ್ಯತೆಯೇ ಹೆಚ್ಚು. ಏಕೆಂದರೆ ಮನೆಯೊಳಗಿನ ವೈ-ಫೈ ಸೊರಗುವುದಕ್ಕೆ ವೇಗದ ಕೊರತೆಗಿಂತ ಗೋಡೆ, ಅಂತರ, ತರಂಗಾಂತರದ ದಟ್ಟಣೆ ಮತ್ತು ತಪ್ಪು ಜಾಗದಲ್ಲಿ ಕೂರಿಸಿದ ರೂಟರ್ ಕಾರಣವಾಗುವುದು ಹೆಚ್ಚು. ರೋಗ ಯಾವುದೆಂದು ತಿಳಿಯದೆ ಔಷಧ ಕೊಂಡಂತೆ ಇದು.

ದೋಷ ಹೊರಗೋ, ಒಳಗೋ?

ಮನೆಯ ಅಂತರ್ಜಾಲ ಸಂಪರ್ಕಕ್ಕೆ ಎರಡು ಭಾಗಗಳಿವೆ. ಸೇವಾ ಸಂಸ್ಥೆಯ ಕೇಂದ್ರದಿಂದ ಮನೆಯ ಗೋಡೆಯವರೆಗೆ ಬರುವ ಫೈಬರ್ ಎಳೆ ಮೊದಲನೆಯದು. ಆ ಎಳೆಯ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆಗೆ ‘ಒಎನ್‌ಟಿ’ ಎಂದು ಹೆಸರು. ಅಲ್ಲಿಂದ ಮುಂದೆ ಕೋಣೆ ಕೋಣೆಗೆ ಸಂಪರ್ಕ ಹಂಚುವ ನಿಸ್ತಂತು ಜಾಲ ಎರಡನೆಯ ಭಾಗ. ಇಂದು ಸೇವಾ ಸಂಸ್ಥೆಗಳು ನೀಡುವ ಪೆಟ್ಟಿಗೆಯಲ್ಲಿ ಒಎನ್‌ಟಿ ಮತ್ತು ವೈ-ಫೈ ರೂಟರ್ ಎರಡೂ ಒಂದರಲ್ಲೇ ಅಡಕವಾಗಿರುವುದು ಸಾಮಾನ್ಯ. ಹೀಗಾಗಿ ದೋಷ ಯಾವ ಭಾಗದಲ್ಲಿದೆ ಎಂಬುದು ಬಳಕೆದಾರರಿಗೆ ಮೇಲ್ನೋಟಕ್ಕೆ ತಿಳಿಯುವುದಿಲ್ಲ.

ಇದನ್ನು ಪತ್ತೆಹಚ್ಚಲು ಸುಲಭವಾದ ಪರೀಕ್ಷೆಯೊಂದಿದೆ. ಲ್ಯಾಪ್‌ಟಾಪ್ ಒಂದನ್ನು ಎತರ್‌ನೆಟ್ ಕೇಬಲ್ ಮೂಲಕ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ವೇಗವನ್ನು ಅಳೆಯಬೇಕು. ನಂತರ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ವೈ-ಫೈ ಮೂಲಕ, ಕೊನೆಗೆ ತೊಂದರೆಯಿರುವ ಕೋಣೆಯಲ್ಲಿ ಕುಳಿತು ಅಳೆಯಬೇಕು. ತಂತಿಯಲ್ಲೇ ವೇಗ ಕಡಿಮೆ ಇದ್ದರೆ ದೂರು ಸೇವಾ ಸಂಸ್ಥೆಗೆ ಸಲ್ಲತಕ್ಕದ್ದು. ತಂತಿಯಲ್ಲಿ ಸರಿಯಿದ್ದು ಪಕ್ಕದಲ್ಲೇ ವೈ-ಫೈ ಕುಂಟುತ್ತಿದ್ದರೆ ರೂಟರ್ ಹಳೆಯದಾಗಿದೆ ಅಥವಾ ಸುತ್ತ ತರಂಗಗಳ ದಟ್ಟಣೆಯಿದೆ ಎಂದರ್ಥ. ಪಕ್ಕದಲ್ಲಿ ಸರಿಯಿದ್ದು ದೂರದ ಕೋಣೆಯಲ್ಲಿ ಮಾತ್ರ ಬಿದ್ದುಹೋದರೆ ಅದು ಗೋಡೆಯ ಸಮಸ್ಯೆ. ಮೂರಕ್ಕೂ ಪರಿಹಾರ ಬೇರೆ ಬೇರೆ. ಈ ಪರೀಕ್ಷೆಯನ್ನು ಬೆಳಿಗ್ಗೆ ಒಮ್ಮೆ, ಬಳಕೆ ಹೆಚ್ಚಿರುವ ರಾತ್ರಿ ಒಮ್ಮೆ ಮಾಡಿ ಬರೆದಿಟ್ಟುಕೊಂಡರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ.

ನಿಜಕ್ಕೂ ಎಷ್ಟು ವೇಗ ಬೇಕು?

ಜಾಹೀರಾತುಗಳು ಹೇಳುವ ವೇಗವೆಲ್ಲ ‘ಮೆಗಾಬಿಟ್’ ಲೆಕ್ಕದಲ್ಲಿರುತ್ತದೆ. ಕಡತಗಳ ಗಾತ್ರವನ್ನು ಅಳೆಯುವುದು ‘ಮೆಗಾಬೈಟ್’ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಕಡತ ಇಳಿಯುತ್ತದೆ. ಇದನ್ನು ಅರಿಯದೆ ‘ಹೇಳಿದ ವೇಗ ಸಿಗುತ್ತಿಲ್ಲ’ ಎಂದು ದೂರುವವರು ಅನೇಕರಿದ್ದಾರೆ.

ಆರು ಜನರ ಮನೆಯೊಂದರ ಲೆಕ್ಕ ಹೀಗಿದೆ. ಟಿವಿಯಲ್ಲಿ 4ಕೆ ಗುಣಮಟ್ಟದ ಚಲನಚಿತ್ರಕ್ಕೆ ನೆಟ್‌ಫ್ಲಿಕ್ಸ್ ಸಂಸ್ಥೆ ಶಿಫಾರಸು ಮಾಡುವುದು 15 ಎಂಬಿಪಿಎಸ್. ಮೊಬೈಲಿನಲ್ಲಿ ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್ ಸಾಕು. ವಿಡಿಯೊ ಸಭೆಯೊಂದಕ್ಕೆ ಹೋಗಲು ನಾಲ್ಕು, ಬರಲು ನಾಲ್ಕು ಎಂಬಿಪಿಎಸ್ ಎಂದು ಧಾರಾಳವಾಗಿ ಇಟ್ಟುಕೊಂಡರೂ ಮೂರು ಸಭೆಗಳಿಗೆ ತಲಾ 12. ಎಲ್ಲವೂ ಒಟ್ಟಿಗೆ ನಡೆದರೂ ಇಳಿಕೆಯ ಹಾದಿಯಲ್ಲಿ ಬೇಕಾಗುವುದು ಸುಮಾರು 32 ಎಂಬಿಪಿಎಸ್ ಮಾತ್ರ. ಅಂದರೆ 100 ಎಂಬಿಪಿಎಸ್ ಯೋಜನೆಯಿರುವ ಮನೆಯಲ್ಲಿ ಮೂರನೇ ಎರಡು ಭಾಗ ಖಾಲಿಯೇ ಉಳಿಯುತ್ತದೆ. ಅಂಥ ಮನೆಯಲ್ಲೂ ಕರೆ ತುಂಡಾಗುತ್ತಿದ್ದರೆ 300 ಎಂಬಿಪಿಎಸ್ ಯೋಜನೆಗೆ ಹಣ ಸುರಿಯುವುದು ಬಾವಿಯಲ್ಲಿ ನೀರಿದ್ದರೂ ಹಗ್ಗ ಸಾಲದೆ ಮತ್ತೊಂದು ಬಾವಿ ತೋಡಿದಂತೆ.

ಇಲ್ಲಿ ಬಹಳಷ್ಟು ಜನರ ಗಮನಕ್ಕೆ ಬಾರದ ಅಂಶವೆಂದರೆ ಏರಿಕೆಯ ಹಾದಿ, ಅಂದರೆ ಅಪ್‌ಲೋಡ್. ಮೊಬೈಲ್ ಫೋನುಗಳು ದಿನದ ಫೋಟೊಗಳನ್ನೆಲ್ಲ ಗುಟ್ಟಾಗಿ ಮೇಲಕ್ಕೆ ರವಾನಿಸುತ್ತಿರುತ್ತವೆ. ಗೇಟಿನ ಸಿಸಿಟಿವಿ ಕ್ಯಾಮೆರಾ ದಿನವಿಡೀ ದೃಶ್ಯಗಳನ್ನು ಕಳುಹಿಸುತ್ತಿರಬಹುದು. ಏರಿಕೆಯ ಹಾದಿ ತುಂಬಿದಾಗ ರೂಟರ್ ಒಳಗೆ ದತ್ತಾಂಶದ ಉದ್ದನೆಯ ಸರತಿ ಬೆಳೆಯುತ್ತದೆ. ಸಭೆಯ ಧ್ವನಿಯೂ ಅದೇ ಸರತಿಯ ಹಿಂದೆ ನಿಲ್ಲಬೇಕಾಗುತ್ತದೆ. ವೇಗ ಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿಯೇ ಕಂಡರೂ ಮಾತು ಮಾತ್ರ ತಡವರಿಸುತ್ತದೆ. ಇದಕ್ಕೆ ಮದ್ದು, ದತ್ತಾಂಶದ ಸರತಿಯನ್ನು ಜಾಣತನದಿಂದ ನಿರ್ವಹಿಸುವ ಸೌಲಭ್ಯವುಳ್ಳ ರೂಟರ್. ‘ಕ್ಯುಒಎಸ್’ ಅಥವಾ ‘ಎಸ್‌ಕ್ಯುಎಂ’ ಎಂಬ ಹೆಸರಿನಲ್ಲಿರುವ ಈ ಸೌಲಭ್ಯದಲ್ಲಿ ವೇಗದ ಮಿತಿಯನ್ನು ನಿಜವಾಗಿ ಸಿಗುವ ವೇಗಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ಶೇ 90ರಷ್ಟಕ್ಕೆ ನಿಗದಿಪಡಿಸಿದರೆ ಸರತಿ ಬೆಳೆಯುವುದು ತಪ್ಪುತ್ತದೆ. ಏರಿಕೆ ಮತ್ತು ಇಳಿಕೆಗೆ ಸಮಾನ ವೇಗ ನೀಡುವ ಯೋಜನೆಯನ್ನು ಆರಿಸಿಕೊಳ್ಳುವುದೂ ಸಹಕಾರಿ.

ಮೂರು ರಸ್ತೆಗಳು

ವೈ-ಫೈ ಸಂಚರಿಸುವ ರೇಡಿಯೊ ಹಾದಿಗಳು ಮೂರು: 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಮತ್ತು 6 ಗಿಗಾಹರ್ಟ್ಸ್. ಮೊದಲನೆಯದು ಹಳ್ಳಿಯ ಹಳೆಯ ರಸ್ತೆಯಂತೆ ಕಿರಿದು. ಆದರೆ ದೂರ ಸಾಗುತ್ತದೆ, ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ. ಭಾರತದಲ್ಲಿ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ಪಡೆದ ಈ ಪಟ್ಟಿಯ ಅಗಲ ಕೇವಲ 83.5 ಮೆಗಾಹರ್ಟ್ಸ್. ಇದರಲ್ಲಿ ಒಂದಕ್ಕೊಂದು ತಾಗದೆ ಕೆಲಸ ಮಾಡಬಲ್ಲ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರು ಮಾತ್ರ. ಬ್ಲೂಟೂತ್ ಸಾಧನಗಳು ಇದೇ ಹಾದಿಯಲ್ಲಿ ಓಡಾಡುತ್ತವೆ. ಅಡುಗೆಮನೆಯ ಮೈಕ್ರೊವೇವ್ ಒಲೆಯಿಂದ ಸೋರುವ ತರಂಗವೂ ಇದೇ ಪಟ್ಟಿಯದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಮೊಬೈಲ್ ತೆರೆದು ನೋಡಿದರೆ ಇಪ್ಪತ್ತು ಮೂವತ್ತು ನೆರೆಹೊರೆಯ ವೈ-ಫೈ ಹೆಸರುಗಳು ಕಾಣಿಸುವುದುಂಟು. ಅವೆಲ್ಲ ಈ ಮೂರು ಓಣಿಗಳಲ್ಲೇ ನುಗ್ಗಾಡಬೇಕು.

5 ಗಿಗಾಹರ್ಟ್ಸ್ ವಿಶಾಲವಾದ ಹೆದ್ದಾರಿ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ವೇಗ ಹೆಚ್ಚು, ದಟ್ಟಣೆ ಕಡಿಮೆ. ಆದರೆ ಗೋಡೆಗಳ ಮುಂದೆ ಇದು ಬೇಗ ಸೋಲುತ್ತದೆ. ಮೂರನೆಯದಾದ 6 ಗಿಗಾಹರ್ಟ್ಸ್ ಹೊಸ ಬಡಾವಣೆಯ ಖಾಲಿ ರಸ್ತೆ. ಇದರ ಕೆಳಭಾಗವನ್ನು, ಅಂದರೆ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು, ಕಡಿಮೆ ಶಕ್ತಿಯ ಒಳಾಂಗಣ ಬಳಕೆಗೆ ಮುಕ್ತಗೊಳಿಸುವ ಕರಡು ನಿಯಮಗಳನ್ನು ದೂರಸಂಪರ್ಕ ಇಲಾಖೆ ಪ್ರಕಟಿಸಿದ್ದು 2025ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಭಾರತದ ಮಾರುಕಟ್ಟೆಗೆಂದು ತಯಾರಾದ ಅನೇಕ ಮಾದರಿಗಳು ‘ವೈ-ಫೈ 7’ ಎಂಬ ಹೆಸರು ಹೊತ್ತಿದ್ದರೂ ಅವುಗಳಲ್ಲಿ 6 ಗಿಗಾಹರ್ಟ್ಸ್ ಇರಲಿಲ್ಲ. ಹಾಗಾಗಿ ಹೆಸರನ್ನು ನಂಬದೆ ಪೆಟ್ಟಿಗೆಯ ಮೇಲಿನ ವಿವರದಲ್ಲಿ ಆ ಪಟ್ಟಿಯ ಉಲ್ಲೇಖವಿದೆಯೇ ಎಂದು ನೋಡಿಯೇ ಕೊಳ್ಳಬೇಕು. 6 ಗಿಗಾಹರ್ಟ್ಸ್ ತರಂಗವು ಗೋಡೆಗೆ ಇನ್ನೂ ಅಂಜುವಂಥದ್ದು ಎಂಬುದೂ ನೆನಪಿರಲಿ.

ಸ್ಮಾರ್ಟ್ ಬಲ್ಬ್, ಪ್ಲಗ್, ಅಗ್ಗದ ಕ್ಯಾಮೆರಾ ಮುಂತಾದವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಬಿಟ್ಟು ಬೇರೇನನ್ನೂ ಅರಿಯವು. ಅವುಗಳಿಗೆ ಹಳೆಯ ರಸ್ತೆಯನ್ನು ಬಿಟ್ಟುಕೊಟ್ಟು, ಲ್ಯಾಪ್‌ಟಾಪ್, ಟಿವಿ, ಮೊಬೈಲ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸಾಗಿಸಿದರೆ ಅರ್ಧ ಸಮಸ್ಯೆ ಖರ್ಚಿಲ್ಲದೆ ಬಗೆಹರಿಯುವುದುಂಟು.

ಪೆಟ್ಟಿಗೆಯ ಮೇಲಿನ ಅಂಕಿಗಳ ಮರ್ಮ

ವೈ-ಫೈನ ಮೂಲ ಮಾನದಂಡ ರೂಪುಗೊಂಡದ್ದು 1997ರಲ್ಲಿ. ಅಂದಿನಿಂದ 802.11ಬಿ, 802.11ಎನ್, 802.11ಎಸಿ ಎಂದು ಬೆಳೆದ ಹೆಸರುಗಳು ಗ್ರಾಹಕರನ್ನು ಗೊಂದಲಕ್ಕೆ ದೂಡಿದ್ದರಿಂದ 2018ರಲ್ಲಿ ವೈ-ಫೈ ಅಲೈಯನ್ಸ್ ಸಂಸ್ಥೆ ಸರಳ ಅಂಕಿಗಳನ್ನು ಜಾರಿಗೆ ತಂದಿತು. 802.11ಎನ್ ಎಂಬುದು ವೈ-ಫೈ 4, ಎಸಿ ಎಂಬುದು ವೈ-ಫೈ 5, ಎಎಕ್ಸ್ ಎಂಬುದು ವೈ-ಫೈ 6 ಆಯಿತು. ವೈ-ಫೈ 7ರ ಪ್ರಮಾಣೀಕರಣ ಆರಂಭವಾದದ್ದು 2024ರ ಜನವರಿಯಲ್ಲಿ.

ಇದರ ಜೊತೆಗೆ ಎಸಿ 1200, ಎಎಕ್ಸ್ 1800, ಎಎಕ್ಸ್ 3000 ಎಂಬ ಅಂಕಿಗಳೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುತ್ತವೆ. ಇದನ್ನು ಒಂದೇ ಸಾಧನಕ್ಕೆ ಸಿಗುವ ವೇಗವೆಂದು ಭಾವಿಸುವುದು ತಪ್ಪು. ಎಲ್ಲ ಪಟ್ಟಿಗಳ ಗರಿಷ್ಠ ವೇಗವನ್ನು ಕೂಡಿಸಿ ಬರೆದ ಮೊತ್ತ ಅದು. ಎಎಕ್ಸ್ 1800 ಎಂದರೆ 2.4 ಗಿಗಾಹರ್ಟ್ಸ್‌ನಲ್ಲಿ 574, 5 ಗಿಗಾಹರ್ಟ್ಸ್‌ನಲ್ಲಿ 1201 ಎಂಬಿಪಿಎಸ್. ಕೂಡಿಸಿದರೆ 1775, ಅದನ್ನು ಪೂರ್ಣಾಂಕಕ್ಕೆ ಏರಿಸಿ 1800 ಎನ್ನಲಾಗಿದೆ. ಒಂದು ಮೊಬೈಲ್ ಒಂದು ಹೊತ್ತಿಗೆ ಒಂದು ಪಟ್ಟಿಯನ್ನು ಮಾತ್ರ ಬಳಸುವುದು ವಾಡಿಕೆ. ಅದರಲ್ಲೂ ನಿಯಂತ್ರಣ ಸಂಕೇತಗಳು, ಕಾಯುವ ಸಮಯ ಎಲ್ಲ ಕಳೆದ ಮೇಲೆ ಸಮೀಪದಲ್ಲಿ ಕುಳಿತಾಗಲೂ ಸಂಪರ್ಕ ದರದ ಅರ್ಧದಿಂದ ಮೂರನೇ ಎರಡು ಭಾಗದಷ್ಟು ವೇಗ ದಕ್ಕಿದರೆ ಅದೇ ಉತ್ತಮ.

ಅಂಕಿಗಳಿಗಿಂತ ಮುಖ್ಯವಾದದ್ದು ರೂಟರ್ ಹಿಂಬದಿಯ ಕಿಂಡಿಗಳು. ಅಗ್ಗದ ಎಸಿ 1200 ಮಾದರಿಗಳು ಅನೇಕವುಗಳಲ್ಲಿ ಎತರ್‌ನೆಟ್ ಕಿಂಡಿಗಳ ವೇಗ 100 ಎಂಬಿಪಿಎಸ್‌ಗೆ ಸೀಮಿತ. ಅಂಥ ರೂಟರ್‌ಗೆ 300 ಎಂಬಿಪಿಎಸ್ ಸಂಪರ್ಕ ಜೋಡಿಸಿದರೆ ಉಳಿದ 200 ಬಾಗಿಲಲ್ಲೇ ನಿಲ್ಲುತ್ತದೆ. ಗ್ರಾಹಕ ತಿಂಗಳಾನುಗಟ್ಟಲೆ ಸಿಗದ ವೇಗಕ್ಕೆ ಹಣ ಕಟ್ಟುತ್ತಿರುತ್ತಾನೆ. ‘ಗಿಗಾಬಿಟ್’ ಕಿಂಡಿಗಳಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಯಾವ ರೂಟರನ್ನೂ ಕೊಳ್ಳಬಾರದು.

ಆಂಟೆನಾಗಳ ಸಂಖ್ಯೆಯೂ ಕಣ್ಣು ಕುಕ್ಕುವ ಸಂಗತಿಯೇ. ವೈ-ಫೈ ಎಂಬುದು ಆಕಾಶವಾಣಿಯಂತೆ ಒಮ್ಮುಖ ಪ್ರಸಾರವಲ್ಲ, ಅದೊಂದು ಸಂಭಾಷಣೆ. ರೂಟರ್ ಎಷ್ಟೇ ಜೋರಾಗಿ ಕೂಗಿದರೂ ಮೊಬೈಲಿನ ಪುಟ್ಟ ಆಂಟೆನಾ ಮರುನುಡಿದ ಮಾತು ಅದಕ್ಕೆ ಕೇಳಿಸಬೇಕಲ್ಲವೇ? ಒಂದೇ ಕೈಯಿಂದ ಚಪ್ಪಾಳೆಯಾಗದು. ದೂರದ ಕೋಣೆಯಲ್ಲಿ ಮೊಬೈಲ್ ನಾಲ್ಕು ಗೆರೆ ತೋರಿಸಿದರೂ ಕರೆ ಕಡಿದುಹೋಗುವುದಕ್ಕೆ ಇದೂ ಒಂದು ಕಾರಣ.

ಒಂದು ಕೋಣೆಯ ಆಮೆ, ಇಡೀ ಮನೆಗೆ ತಡೆ

ತುಂಬಿದ ಮನೆಗಳಲ್ಲಿ ಅರಿಯಬೇಕಾದ ಮತ್ತೊಂದು ಸೂಕ್ಷ್ಮವಿದೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು ಎಂಬುದು ವೈ-ಫೈನ ಮೂಲ ನಿಯಮ. ಉಳಿದವರು ತಮ್ಮ ಸರದಿಗೆ ಕಾಯಬೇಕು. ರೂಟರ್ ಪಕ್ಕದಲ್ಲಿರುವ ಲ್ಯಾಪ್‌ಟಾಪ್ 300 ಎಂಬಿಪಿಎಸ್ ವೇಗದಲ್ಲಿ 100 ಮೆಗಾಬಿಟ್ ದತ್ತಾಂಶವನ್ನು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಮುಗಿಸುತ್ತದೆ. ಎರಡು ಗೋಡೆಗಳಾಚೆ ಮಂಚದ ಮೇಲಿರುವ ಹಳೆಯ ಟ್ಯಾಬ್ಲೆಟ್ 6 ಎಂಬಿಪಿಎಸ್ ವೇಗಕ್ಕೆ ಇಳಿದಿದ್ದರೆ ಅಷ್ಟೇ ದತ್ತಾಂಶಕ್ಕೆ 16 ಸೆಕೆಂಡಿಗೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಆ ಸಮಯವೆಲ್ಲ ಇತರರ ಪಾಲಿನಿಂದಲೇ ಕಡಿತವಾಗುವುದು. ಒಂದು ಮೂಲೆಯ ದುರ್ಬಲ ಸಂಕೇತ ಆ ಮೂಲೆಯ ತೊಂದರೆಯಾಗಿ ಉಳಿಯದೆ ಇಡೀ ಮನೆಯನ್ನು ನಿಧಾನಗೊಳಿಸುವುದು ಹೀಗೆ.

ವೈ-ಫೈ 6ರ ನಿಜವಾದ ಉಪಯೋಗ ಇರುವುದು ಇಲ್ಲಿ. ಒಂದೇ ಸರದಿಯಲ್ಲಿ ಚಾನೆಲ್ಲನ್ನು ಸಣ್ಣ ಸಣ್ಣ ಪಾಲುಗಳಾಗಿ ಹಂಚಿ ಹಲವು ಸಾಧನಗಳಿಗೆ ಒಟ್ಟಿಗೆ ಉತ್ತರಿಸುವ ತಂತ್ರವನ್ನು ಅದು ತಂದಿತು. ಒಬ್ಬೊಬ್ಬ ಪ್ರಯಾಣಿಕನಿಗೆ ಒಂದೊಂದು ಆಟೊ ಕಳುಹಿಸುವ ಬದಲು ಎಲ್ಲರನ್ನೂ ಒಂದೇ ಬಸ್ಸಿನಲ್ಲಿ ಕೂರಿಸಿದಂತೆ. ಮೊಬೈಲ್ ಮತ್ತು ಲ್ಯಾಪ್‌ಟಾಪ್ ಕೂಡ ಅದೇ ಪೀಳಿಗೆಯವಾಗಿದ್ದರೆ ಮಾತ್ರ ಲಾಭ ಪೂರ್ಣವಾಗಿ ಸಿಗುತ್ತದೆ. ಇಪ್ಪತ್ತು ಮೂವತ್ತು ಸಾಧನಗಳಿರುವ ಮನೆಗೆ ಇಂದು ವೈ-ಫೈ 6 ಕನಿಷ್ಠ ಆಯ್ಕೆ. ವೈ-ಫೈ 7ಕ್ಕೆ ಹೆಚ್ಚು ಹಣ ತೆರುವ ಮುನ್ನ ಮನೆಯಲ್ಲಿ ಅದನ್ನು ಬಳಸಬಲ್ಲ ಸಾಧನಗಳು ಎಷ್ಟಿವೆ ಎಂದು ಎಣಿಸಿ ನೋಡುವುದು ಒಳಿತು.

ಗೋಡೆ, ಬೀರು, ನೀರಿನ ತೊಟ್ಟಿ

ವಿದೇಶಿ ಕಂಪನಿಗಳು ಪೆಟ್ಟಿಗೆಯ ಮೇಲೆ ‘ಇಷ್ಟು ಚದರಡಿಗೆ ಸಾಕು’ ಎಂದು ಬರೆದಿರುತ್ತವೆ. ಅಮೆರಿಕದ ಮನೆಗಳಲ್ಲಿ ಒಳಗೋಡೆಗಳು ಬಹುಪಾಲು ಮರದ ಚೌಕಟ್ಟಿಗೆ ಹೊದಿಸಿದ ಜಿಪ್ಸಂ ಹಲಗೆಗಳು. ಅವುಗಳನ್ನು ತರಂಗಗಳು ಸುಲಭವಾಗಿ ದಾಟುತ್ತವೆ. ಕರ್ನಾಟಕದ ಮನೆಗಳ ಮಾತು ಬೇರೆ. ಬೆಂಗಳೂರಿನ 30x40 ಅಡಿ ನಿವೇಶನದಲ್ಲಿ ಎದ್ದ ಮೂರು ಮಹಡಿಯ ಮನೆಯಲ್ಲಿ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕಿನ ಗೋಡೆಗಳು, ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ಛಾವಣಿ. ಕರಾವಳಿಯಲ್ಲಿ ದಪ್ಪನೆಯ ಕೆಂಪುಕಲ್ಲಿನ ಗೋಡೆ. ಧಾರವಾಡ, ಬಿಜಾಪುರದ ಕಡೆಯ ಹಳೆಯ ಮನೆಗಳಲ್ಲಿ ಕಲ್ಲು ಮಣ್ಣಿನ ಮೊಳದಗಲದ ಗೋಡೆ. ಅಲ್ಲಿ ಪೆಟ್ಟಿಗೆಯ ಚದರಡಿಯ ಲೆಕ್ಕ ಸಲ್ಲದು.

ಸಂಕೇತದ ಬಲವನ್ನು ಅಳೆಯುವ ಉಚಿತ ತಂತ್ರಾಂಶಗಳು ಮೊಬೈಲಿಗೆ ಲಭ್ಯ. ಅವು ತೋರಿಸುವ ಅಂಕಿ ಋಣಾತ್ಮಕವಾಗಿರುತ್ತದೆ. ಮೈನಸ್ 50ರ ಆಸುಪಾಸಿನಲ್ಲಿದ್ದರೆ ಅತ್ಯುತ್ತಮ. ಮೈನಸ್ 67ರವರೆಗೆ ವಿಡಿಯೊ ಕರೆಗೆ ಅಡ್ಡಿಯಿಲ್ಲ. ಮೈನಸ್ 80 ತಲುಪಿದರೆ ಸಂಪರ್ಕ ನೆಚ್ಚಿಕೊಳ್ಳುವಂತಿಲ್ಲ. ಕೋಣೆ ಕೋಣೆಗೆ ಹೋಗಿ ಈ ಅಂಕಿಗಳನ್ನು ಮನೆಯ ನಕ್ಷೆಯೊಂದರ ಮೇಲೆ ಬರೆದುಕೊಂಡರೆ ಎಷ್ಟು ಉಪಕರಣ, ಎಲ್ಲಿ ಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಫೈಬರ್ ಎಳೆದ ಸಿಬ್ಬಂದಿ ತಮಗೆ ಅನುಕೂಲವಾದ ಕಡೆ, ಸಾಮಾನ್ಯವಾಗಿ ಮುಂಬಾಗಿಲ ಪಕ್ಕದಲ್ಲೋ ಬಾಲ್ಕನಿಯ ಕಿಟಕಿಯ ಬಳಿಯೋ ಪೆಟ್ಟಿಗೆ ಕೂರಿಸಿ ಹೋಗುತ್ತಾರೆ. ಪರಿಣಾಮವಾಗಿ ಅರ್ಧ ಸಂಕೇತ ರಸ್ತೆಯ ಪಾಲು. ಇನ್ನು ಕೆಲವರು ಅಂದಕ್ಕೆಂದು ರೂಟರನ್ನು ಟಿವಿ ಷೋಕೇಸಿನ ಒಳಗೆ, ಬೀರುವಿನ ಹಿಂದೆ ಬಚ್ಚಿಡುತ್ತಾರೆ. ಉಕ್ಕಿನ ಬೀರು, ದೊಡ್ಡ ಕನ್ನಡಿ, ಫ್ರಿಜ್ ಇವು ತರಂಗಗಳನ್ನು ತಡೆದು ಹಿಂದಕ್ಕಟ್ಟುತ್ತವೆ. ನೀರಿನ ತೊಟ್ಟಿ, ಮೀನಿನ ತೊಟ್ಟಿ ಹೀರಿಕೊಳ್ಳುತ್ತವೆ. ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ ರೂಟರ್ ಇದ್ದರೆ ಹಳೆಯ ಪೆಟ್ಟಿಗೆಯೂ ಹೊಸದರಂತೆ ವರ್ತಿಸುವುದುಂಟು. ಹೊಸತು ಕೊಳ್ಳುವ ಮುನ್ನ ಮಾಡಬೇಕಾದ ಮೊದಲ ಪ್ರಯೋಗ ಇದೇ.

ರಿಪೀಟರೋ, ಮೆಶ್ಶೋ, ತಂತಿಯೋ?

ಒಂದು ರೂಟರ್ ಸಾಲದ ಮನೆಗೆ ಮೂರು ಹಾದಿಗಳಿವೆ. ಅಗ್ಗದ ಹಾದಿ ರಿಪೀಟರ್. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಈ ಸಾಧನ ರೂಟರ್‌ನ ಮಾತನ್ನು ಕೇಳಿ ಮರುನುಡಿಯುತ್ತದೆ. ಕೇಳುವುದಕ್ಕೂ ನುಡಿಯುವುದಕ್ಕೂ ಒಂದೇ ಚಾನೆಲ್ ಬಳಸಿದಾಗ ವೇಗ ಅರ್ಧಕ್ಕಿಳಿಯುತ್ತದೆ. ಸಂಕೇತ ಸತ್ತ ಜಾಗದಲ್ಲೇ ಅದನ್ನು ಸಿಕ್ಕಿಸುವುದು ಸಾಮಾನ್ಯ ತಪ್ಪು. ಅದಕ್ಕೇ ಕೇಳಿಸದ ಮಾತನ್ನು ಅದು ಇತರರಿಗೆ ಹೇಗೆ ಹೇಳೀತು? ರೂಟರ್ ಮತ್ತು ಸತ್ತ ಜಾಗದ ನಡುದಾರಿಯಲ್ಲಿ ಅದು ಇರಬೇಕು.

ಎರಡನೆಯದು ಮೆಶ್. ಎರಡು ಅಥವಾ ಮೂರು ಪೆಟ್ಟಿಗೆಗಳು ಒಂದೇ ಹೆಸರಿನಲ್ಲಿ, ಒಂದೇ ಜಾಲವಾಗಿ ಕೆಲಸ ಮಾಡುವ ವ್ಯವಸ್ಥೆ ಇದು. ಕರೆಯಲ್ಲಿ ಮಾತನಾಡುತ್ತಲೇ ಮೆಟ್ಟಿಲೇರಿದರೆ ಮೊಬೈಲ್ ಕೆಳಗಿನ ಪೆಟ್ಟಿಗೆಯನ್ನು ಬಿಟ್ಟು ಮೇಲಿನದನ್ನು ಹಿಡಿಯುವಂತೆ ನೆರವಾಗುವ ಸೌಲಭ್ಯವನ್ನು ಉತ್ತಮ ಮಾದರಿಗಳಲ್ಲಿ ಕಾಣಬಹುದು. ಪೆಟ್ಟಿಗೆಗಳು ಪರಸ್ಪರ ಮಾತನಾಡಲು ಪ್ರತ್ಯೇಕ ಪಟ್ಟಿಯಿರುವ ‘ಟ್ರೈ-ಬ್ಯಾಂಡ್’ ಮಾದರಿ ದುಬಾರಿ. ಎರಡೇ ಪಟ್ಟಿಯ ಮಾದರಿಯಲ್ಲಿ ಮನೆಯವರ ಬಳಕೆ ಮತ್ತು ಪೆಟ್ಟಿಗೆಗಳ ಮಾತುಕತೆ ಎರಡೂ ಒಂದೇ ಹಾದಿಯನ್ನು ಹಂಚಿಕೊಳ್ಳಬೇಕು. ಎಂಟು ಅಂಗುಲದ ಆರ್‌ಸಿಸಿ ಅಥವಾ ಎರಡು ದಪ್ಪ ಗೋಡೆಗಳ ಆಚೀಚೆ ಇಟ್ಟ ಮೆಶ್ ಪೆಟ್ಟಿಗೆಗಳು ಕೂಡ ಪರಸ್ಪರ ಕಿವುಡಾಗುತ್ತವೆ.

ಆದ್ದರಿಂದ ಮೂರನೆಯ ಹಾದಿ, ಅಂದರೆ ತಂತಿ, ಇಂದಿಗೂ ಶ್ರೇಷ್ಠ. ಕ್ಯಾಟ್ 5ಇ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುತ್ತದೆ. ಯಾವ ಗೋಡೆಗೂ ಅಂಜುವುದಿಲ್ಲ, ನೆರೆಯವರ ವೈ-ಫೈಗೂ ಬಗ್ಗುವುದಿಲ್ಲ. ಪ್ರತಿ ಮಹಡಿಗೆ ಒಂದೊಂದು ಕೇಬಲ್ ಎಳೆದು ಅದರ ತುದಿಗೆ ಮೆಶ್ ಪೆಟ್ಟಿಗೆ ಅಥವಾ ಸಾಮಾನ್ಯ ಆಕ್ಸೆಸ್ ಪಾಯಿಂಟ್ ಜೋಡಿಸಿದರೆ ಅಗ್ಗದ ಉಪಕರಣವೂ ದುಬಾರಿ ನಿಸ್ತಂತು ಮೆಶ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಟಿವಿ, ಮೇಜಿನ ಕಂಪ್ಯೂಟರ್‌ನಂಥ ಜಾಗ ಬಿಟ್ಟು ಕದಲದ ಸಾಧನಗಳಿಗೆ ತಂತಿಯನ್ನೇ ಕೊಟ್ಟರೆ ನಿಸ್ತಂತು ಹಾದಿ ಉಳಿದವರಿಗೆ ತೆರವಾಗುತ್ತದೆ. ಹೊಸ ಮನೆ ಕಟ್ಟಿಸುವವರು ಗೋಡೆಗೆ ಗಿಲಾವು ಮಾಡುವ ಮುನ್ನವೇ ಪ್ರತಿ ಕೋಣೆಗೆ ಒಂದು ಖಾಲಿ ಕೊಳವೆ ಹಾಕಿಸಿಡುವುದು ಜಾಣತನ. ವಿದ್ಯುತ್ ತಂತಿಯ ಕೊಳವೆಯಲ್ಲೇ ಇದನ್ನು ತುರುಕದೆ ಪ್ರತ್ಯೇಕ ಕೊಳವೆ ಇಡಬೇಕು. ಅಂದಿನ ಸಣ್ಣ ಖರ್ಚು ಮುಂದಿನ ಹಲವು ವರ್ಷಗಳ ತಲೆನೋವನ್ನು ತಪ್ಪಿಸುತ್ತದೆ.

ವಿದ್ಯುತ್ ಕೈಕೊಟ್ಟರೆ

ಮನೆಯವರೆಗೆ ಬರುವ ಫೈಬರ್ ಜಾಲದ ನಡುವೆ ಬೆಳಕನ್ನು ಹಂಚುವ ಸಾಧನಗಳಿಗೆ ವಿದ್ಯುತ್ ಬೇಕಿಲ್ಲ. ಬೀದಿಯಲ್ಲಿ ಕರೆಂಟು ಹೋದರೂ ಸೇವಾ ಸಂಸ್ಥೆಯ ಕೇಂದ್ರ ಮತ್ತು ಮನೆಯ ಪೆಟ್ಟಿಗೆಗೆ ವಿದ್ಯುತ್ ಇದ್ದರೆ ಇಂಥ ಸಂಪರ್ಕ ನಡೆಯುತ್ತಲೇ ಇರುತ್ತದೆ. ಆದರೆ ಮನೆಯ ಇನ್ವರ್ಟರ್ ಚಾಲೂ ಆಗುವ ಕ್ಷಣಾರ್ಧದ ಅಂತರದಲ್ಲಿ ರೂಟರ್ ಆರಿ, ಮತ್ತೆ ಎದ್ದು ಸಂಪರ್ಕ ಹಿಡಿಯಲು ನಿಮಿಷಗಳೇ ಹಿಡಿಯುತ್ತವೆ. ಸಂದರ್ಶನ ಅಥವಾ ಪರೀಕ್ಷೆಯ ನಡುವೆ ಹೀಗಾದರೆ ನಷ್ಟ ಅಲ್ಪವಲ್ಲ.

ಹೆಚ್ಚಿನ ರೂಟರ್‌ಗಳು 12 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುವುದರಿಂದ ಅದಕ್ಕೆಂದೇ ಲಿಥಿಯಂ ಬ್ಯಾಟರಿಯ ಪುಟ್ಟ ಯುಪಿಎಸ್‌ಗಳು ಬಂದಿವೆ. ಕೊಳ್ಳುವಾಗ ರೂಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಮತ್ತು ಧನ-ಋಣ ಗುರುತನ್ನು ಹೊಂದಿಸಿ ನೋಡಬೇಕು. 12 ವೋಲ್ಟ್, 2 ಆಂಪಿಯರ್ ಬೇಡುವ ರೂಟರ್‌ಗೆ 1 ಆಂಪಿಯರ್ ಯುಪಿಎಸ್ ಜೋಡಿಸಿದರೆ ಅದು ಪದೇ ಪದೇ ಆರಿಹೋಗಬಹುದು. ಒಎನ್‌ಟಿ ಮತ್ತು ರೂಟರ್ ಬೇರೆ ಬೇರೆಯಿದ್ದರೆ ಎರಡಕ್ಕೂ ಯುಪಿಎಸ್ ಬೇಕು, ಮೆಶ್ ಪೆಟ್ಟಿಗೆಗಳಿಗೂ ಬೇಕು. ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವ ಮಲೆನಾಡಿನವರ ರೂಢಿ ಇಲ್ಲಿಯೂ ಸರಿಯಾದದ್ದೇ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದಿದ್ದರೂ ಅಡಾಪ್ಟರ್‌ನ ತಂತಿ ಒಯ್ಯುತ್ತದೆ.

ಬಾಗಿಲಿಗೆ ಬೀಗ

2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಬಾಂಬ್ ಸ್ಫೋಟ ಸಂಭವಿಸುವುದಕ್ಕೆ ಕೆಲವೇ ನಿಮಿಷಗಳ ಮುನ್ನ ಮಾಧ್ಯಮಗಳಿಗೆ ಬಂದ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಮನೆಯೊಂದಕ್ಕೆ. ಅಲ್ಲಿನ ನಿವಾಸಿಯ ವೈ-ಫೈಗೆ ಸರಿಯಾದ ರಕ್ಷಣೆ ಇರಲಿಲ್ಲ, ಅನ್ಯರು ಅದನ್ನು ಬಳಸಿಕೊಂಡಿದ್ದರು. ಆತ ತನಿಖೆಯನ್ನು ಎದುರಿಸಬೇಕಾಯಿತು. ಮನೆಯ ಜಾಲದಿಂದ ಹೊರಟ ಪ್ರತಿ ಸಂದೇಶಕ್ಕೂ ಮೊದಲು ಉತ್ತರ ಹೇಳಬೇಕಾದವರು ಮನೆಯವರೇ ಎಂಬುದಕ್ಕೆ ಈ ಪ್ರಕರಣ ನಿದರ್ಶನ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲೋಕದಾದ್ಯಂತ ರೂಟರ್, ಕ್ಯಾಮೆರಾಗಳನ್ನು ವಶಪಡಿಸಿಕೊಂಡದ್ದು ಅವುಗಳ ಮಾಲೀಕರು ಬದಲಾಯಿಸದೆ ಬಿಟ್ಟಿದ್ದ ಕಾರ್ಖಾನೆಯ ಗುಪ್ತಪದಗಳ ಮೂಲಕ.

ಹಾಗಾಗಿ ಹೊಸ ರೂಟರ್ ಬಂದ ದಿನವೇ ಅದರ ನಿರ್ವಹಣಾ ಗುಪ್ತಪದವನ್ನು ಬದಲಾಯಿಸಬೇಕು. ರಕ್ಷಣೆಯ ವಿಧಾನ ಡಬ್ಲ್ಯುಪಿಎ 3 ಅಥವಾ ಕನಿಷ್ಠ ಡಬ್ಲ್ಯುಪಿಎ 2 ಆಗಿರಬೇಕು. ಗುಂಡಿಯೊತ್ತಿ ಅಥವಾ ಸಂಖ್ಯೆಯೊತ್ತಿ ಸಂಪರ್ಕಿಸುವ ‘ಡಬ್ಲ್ಯುಪಿಎಸ್’ ಸೌಲಭ್ಯವನ್ನು ಆರಿಸಿಡಬೇಕು. ಅತಿಥಿಗಳಿಗೂ ಬಲ್ಬು-ಕ್ಯಾಮೆರಾಗಳಿಗೂ ‘ಗೆಸ್ಟ್’ ಹೆಸರಿನ ಪ್ರತ್ಯೇಕ ಜಾಲ ಕೊಟ್ಟರೆ ಬ್ಯಾಂಕ್ ವ್ಯವಹಾರ ನಡೆಸುವ ಲ್ಯಾಪ್‌ಟಾಪ್‌ನಿಂದ ಅವು ದೂರವಿರುತ್ತವೆ. ಕಂಪನಿ ಭದ್ರತಾ ಪರಿಷ್ಕರಣೆಗಳನ್ನು ಎಷ್ಟು ವರ್ಷ ಒದಗಿಸುತ್ತದೆ ಎಂಬುದು ಬೆಲೆಯಷ್ಟೇ ಮುಖ್ಯವಾದ ಪ್ರಶ್ನೆ. ಪರಿಷ್ಕರಣೆ ನಿಂತ ರೂಟರ್ ಕೆಡದಿದ್ದರೂ ಬದಲಾಯಿಸಲು ಯೋಗ್ಯ.

ಯಾವ ಮನೆಗೆ ಯಾವುದು?

ಎರಡು ಕೋಣೆಗಳ ಅಪಾರ್ಟ್‌ಮೆಂಟಿಗೆ ಗಿಗಾಬಿಟ್ ಕಿಂಡಿಗಳುಳ್ಳ ಎಎಕ್ಸ್ 1800 ಅಥವಾ ಎಎಕ್ಸ್ 3000 ದರ್ಜೆಯ ಒಂದೇ ರೂಟರ್, ಮನೆಯ ನಡುಭಾಗದಲ್ಲಿ ಇಟ್ಟರೆ, ಸಾಕು. ಮೂರು ಕೋಣೆಗಳ ಉದ್ದನೆಯ ಮನೆಗೆ ಎರಡು ಪೆಟ್ಟಿಗೆಗಳ ಮೆಶ್. ಎರಡು ಮೂರು ಮಹಡಿಗಳ ಸ್ವಂತ ಮನೆಗೆ ಮಹಡಿಗೊಂದು ಪೆಟ್ಟಿಗೆ, ಅವುಗಳ ನಡುವೆ ತಂತಿ. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದ ಬಾಡಿಗೆ ಮನೆಗೆ ಟ್ರೈ-ಬ್ಯಾಂಡ್ ಮೆಶ್ ಪರ್ಯಾಯ. ಮನೆ ಬದಲಿಸಿದಾಗ ಅದನ್ನು ಜೊತೆಗೆ ಒಯ್ಯಬಹುದೆಂಬುದು ಬಾಡಿಗೆದಾರರಿಗೆ ಅನುಕೂಲ.

ಸ್ವಂತ ರೂಟರ್ ತರುವ ಮುನ್ನ ಸೇವಾ ಸಂಸ್ಥೆಯನ್ನು ವಿಚಾರಿಸಬೇಕಾದ ಪ್ರಶ್ನೆಗಳೂ ಇವೆ. ಅವರ ಪೆಟ್ಟಿಗೆಯನ್ನು ‘ಬ್ರಿಡ್ಜ್’ ಸ್ಥಿತಿಗೆ ಬದಲಿಸಿಕೊಡುವರೇ, ಹಾಗೆ ಮಾಡಿದರೆ ಅದರ ಮೂಲಕ ಬರುವ ಸ್ಥಿರ ದೂರವಾಣಿ ಮತ್ತು ಟಿವಿ ಸೇವೆ ಉಳಿಯುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬ್ರಿಡ್ಜ್ ಸಾಧ್ಯವಿಲ್ಲವೆಂದಾದರೆ ಹೊಸ ಉಪಕರಣವನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಯಲ್ಲಿ ಜೋಡಿಸಿ, ಹಳೆಯ ಪೆಟ್ಟಿಗೆಯ ವೈ-ಫೈಯನ್ನು ಆರಿಸಬಹುದು. ಎರಡೂ ಪೂರ್ಣ ರೂಟರ್‌ಗಳಾಗಿ ಒಂದರ ಹಿಂದೊಂದು ನಿಂತರೆ ಕೆಲವು ಆಟಗಳು ಮತ್ತು ಕ್ಯಾಮೆರಾಗಳು ತೊಂದರೆ ಕೊಡುತ್ತವೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಮರಳಿಸುವ ಅವಧಿಯೊಳಗೆ ಎಲ್ಲ ಕೋಣೆಗಳಲ್ಲೂ ಮತ್ತೊಮ್ಮೆ ಅಳತೆ ಮಾಡಿ ಹಳೆಯ ಅಂಕಿಗಳೊಂದಿಗೆ ಹೋಲಿಸುವುದು ಲೇಸು.

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಲಾಗಿತ್ತು. 2023ರಲ್ಲಿ ಆ ಮಿತಿ 2 ಮೆಗಾಬಿಟ್‌ಗೆ ಏರಿತು. ನಗರಗಳ ಫೈಬರ್ ಸಂಪರ್ಕ ಇವೆರಡನ್ನೂ ಎಂದೋ ಹಿಂದೆ ಹಾಕಿದೆ. ಮನೆಬಾಗಿಲಿಗೆ ಬಂದ ಈ ವೇಗವನ್ನು ಮಹಡಿಯ ಕೋಣೆಯವರೆಗೆ, ಅಜ್ಜನ ಮಂಚದವರೆಗೆ ತಲುಪಿಸುವುದು ಮಾತ್ರ ಮನೆಯವರದೇ ಹೊಣೆ. ಅದಕ್ಕೆ ಬೇಕಾದದ್ದು ಅತಿ ದುಬಾರಿ ಪೆಟ್ಟಿಗೆಯಲ್ಲ. ಒಂದು ಸಂಜೆಯ ಅಳತೆ, ಸರಿಯಾದ ಜಾಗ ಮತ್ತು ಕೆಲವು ಮೀಟರ್ ತಂತಿ.